"ಬನ್ನಿ, ಅದೇನೂ ಮಾಡಲ್ಲ": ಪಿಟ್‌ಬುಲ್, ರಾಟ್‌ವೀಲರ್, ನಿಷೇಧ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಯಿ ಜಗಳ ಬಂದರೆ ಎಲ್ಲರೂ ನನ್ನ ಮನೆ ಬೆಲ್ ಒತ್ತುತ್ತಾರೆ. ಒಮ್ಮೆ ಮೀಟಿಂಗಿನಲ್ಲಿ ಬಾಯಿ ತೆರೆದ ತಪ್ಪಿಗೆ ಈ ಕೆಲಸ ನನಗೆ ಗಂಟುಬಿದ್ದಿದೆ. ನಾಯಿ ಸಾಕಿದವರು ಬರುತ್ತಾರೆ, ನಾಯಿಗೆ ಹೆದರುವವರು ಬರುತ್ತಾರೆ. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ: ಪಿಟ್‌ಬುಲ್, ರಾಟ್‌ವೀಲರ್ ಥರದ ನಾಯಿ ತಳಿಗಳು ಅಪಾಯಕಾರಿಯಾ, ಅವನ್ನು ನಿಷೇಧಿಸಬೇಕಾ? ಪ್ರತಿ ಸಲ ಲಿಫ್ಟಿನ ಮುಂದೆ ನಿಂತು ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಪಶುವೈದ್ಯನಲ್ಲ, ವಕೀಲನೂ ಅಲ್ಲ. ಓದಿದ್ದು, ನೋಡಿದ್ದು, ಒಂದೆರಡು ಸಲ ಕಚ್ಚಿಸಿಕೊಂಡಿದ್ದು ಸೇರಿ ಇಷ್ಟು ಗೊತ್ತಾಗಿದೆ.

ಸುತ್ತಿ ಬಳಸಿ ಬೇಡ. ಕೆಲವು ತಳಿಗಳು ಹುಟ್ಟಿನಿಂದಲೇ ಅಪಾಯಕಾರಿ ಹೌದೋ ಅಲ್ಲವೋ?

ಇದರಲ್ಲಿ ಎರಡು ಪ್ರಶ್ನೆ ಇವೆ. ಒಂದು, ಈ ನಾಯಿ ಕಚ್ಚುತ್ತದಾ? ಎರಡು, ಕಚ್ಚಿದರೆ ಏನಾಗುತ್ತದೆ? ಮೊದಲನೆಯದಕ್ಕೆ ತಳಿ ನೋಡಿ ಉತ್ತರ ಹೇಳುವುದು ತುಂಬಾ ಕಷ್ಟ. ಎರಡನೆಯದಕ್ಕೆ ಸುಲಭ. ನಾಲ್ಕು ಕೆಜಿ ನಾಯಿ ಸಿಟ್ಟಾದರೆ ಬ್ಯಾಂಡೇಜು ಸಾಕು. ಐವತ್ತು ಕೆಜಿ ನಾಯಿ ಸಿಟ್ಟಾದರೆ ಆಂಬ್ಯುಲೆನ್ಸ್ ಬೇಕು.

ಇಡೀ ಜಗಳ ನಡೆಯುವುದು ಈ ಎರಡನ್ನೂ ಕಲಸಿಬಿಡುವುದರಿಂದ. ನಿಷೇಧ ಬೇಕು ಅನ್ನುವವರು ಎರಡನೆಯ ಪ್ರಶ್ನೆಯ ಉತ್ತರವನ್ನು ಮೊದಲನೆಯದಕ್ಕೆ ಅಂಟಿಸುತ್ತಾರೆ. "ನನ್ನ ರಾಟ್‌ವೀಲರ್ ಮಗು ಇದ್ದಹಾಗೆ" ಅನ್ನುವವರು ಎರಡನೆಯ ಪ್ರಶ್ನೆ ಇದೆ ಅನ್ನುವುದನ್ನೇ ಮರೆಯುತ್ತಾರೆ.

ಹಾಗಾದರೆ ತಳಿಗೂ ಸ್ವಭಾವಕ್ಕೂ ಸಂಬಂಧವೇ ಇಲ್ವಾ? ನೂರಾರು ವರ್ಷ ಮನುಷ್ಯರು ಆರಿಸಿ ಆರಿಸಿ ಬೆಳೆಸಿದ್ದು ಸುಮ್ನೆನಾ?

ಸಂಬಂಧ ಇದೆ. ಮುಧೋಳ ನಾಯಿಗೆ ಓಡುವುದನ್ನು ಯಾರೂ ಕಲಿಸಬೇಕಿಲ್ಲ. ಬಾರ್ಡರ್ ಕೋಲಿ ಕುರಿ ಸಿಗದಿದ್ದರೆ ಮನೆಯ ಮಕ್ಕಳನ್ನೇ ಒಂದು ಮೂಲೆಗೆ ಸೇರಿಸಲು ನೋಡುತ್ತದೆ. ಲ್ಯಾಬ್ರಡಾರ್ ಬಾಯಲ್ಲಿ ಏನಾದರೂ ಕಚ್ಚಿಕೊಂಡೇ ಓಡಾಡುತ್ತದೆ, ಬಹುತೇಕ ನಿಮ್ಮ ಚಪ್ಪಲಿ.

ಪಿಟ್‌ಬುಲ್ ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. ಅಲ್ಲಿ ಕಟ್ಟಿದ ಹೋರಿಯ ಮೇಲೆ ನಾಯಿ ಬಿಡುವ ಆಟ ಇತ್ತು. 1835ರಲ್ಲಿ ಕಾನೂನು ಅದನ್ನು ನಿಲ್ಲಿಸಿತು. ಆಟದ ಚಟ ಇದ್ದವರು ಸುಮ್ಮನಾಗಲಿಲ್ಲ. ಗುಂಡಿಯಂಥ ಅಖಾಡದೊಳಗೆ ನಾಯಿ ನಾಯಿಗಳನ್ನೇ ಕಾದಾಡಿಸಿದರು. ಬುಲ್‌ಡಾಗಿನ ಕಸುವು, ಟೆರಿಯರಿನ ಚುರುಕು ಸೇರಿಸಿ ಅದಕ್ಕೆಂದೇ ನಾಯಿ ಬೆಳೆಸಿದರು. ಪಿಟ್ ಅಂದರೆ ಆ ಗುಂಡಿಯೇ. ಹಾಗಾಗಿ ಈ ತಳಿಯಲ್ಲಿ ಬೇರೆ ನಾಯಿಗಳ ಮೇಲೆ ಎಗರುವ ಗುಣ ಜಾಸ್ತಿ ಅಂದರೆ ಸುಳ್ಳೇನಲ್ಲ. ಆದರೆ ಬೇರೆ ನಾಯಿಯನ್ನು ಕಂಡರಾಗದ ನಾಯಿ ಮನುಷ್ಯರನ್ನೂ ಕಚ್ಚಲೇಬೇಕು ಅಂತೇನಿಲ್ಲ. ಅವೆರಡೂ ಬೇರೆ ಬೇರೆ ಗುಣ.

2022ರಲ್ಲಿ "ಸೈನ್ಸ್" ಪತ್ರಿಕೆಯಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರನ್ನು ಕೇಳಿದ್ದರು, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದ್ದರು. ನಾಯಿ ನಾಯಿಗಳ ನಡುವೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲು ಸಿಕ್ಕಿದ್ದು ಸುಮಾರು 9 ಶೇಕಡಾ ಮಾತ್ರ. ಹೇಳಿದ ಮಾತು ಕೇಳುವ ಗುಣಕ್ಕೆ ತಳಿಯ ನಂಟು ಸ್ವಲ್ಪ ಜಾಸ್ತಿ ಕಂಡಿತು. ಎಷ್ಟು ಬೇಗ ಕೆರಳುತ್ತದೆ ಅನ್ನುವುದಕ್ಕೆ ತಳಿ ಬಹುತೇಕ ಉಪಯೋಗಕ್ಕೆ ಬರಲಿಲ್ಲ.

ಇದನ್ನು ಓದಿ "ನೋಡಿ, ತಳಿ ಅನ್ನುವುದೇ ಸುಳ್ಳು" ಅಂತ ಕುಣಿದವರೂ ಇದ್ದಾರೆ. ಅದೂ ಅತಿಯಾಯಿತು. ಕೆರಳುವುದು, ಹೆದರುವುದು ತಾಯಿ ತಂದೆಯಿಂದ ಮರಿಗೆ ಬರಬಲ್ಲ ಗುಣಗಳೇ. ಅಂದರೆ ತಳಿಯ ಹೆಸರಿಗಿಂತ ಆ ಮರಿಯ ಅಪ್ಪ ಅಮ್ಮ ಯಾರು ಅನ್ನುವುದು ಮುಖ್ಯ.

ನಾಯಿ ದಾಳಿಯಲ್ಲಿ ಸತ್ತವರ ಲೆಕ್ಕದಲ್ಲಿ ಪಿಟ್‌ಬುಲ್ಲೇ ಮೇಲಿದೆಯಲ್ಲ? ಅಂಕಿಅಂಶ ಸುಳ್ಳು ಹೇಳುತ್ತಾ?

ಹೇಳಲ್ಲ. ಆದರೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ.

ಅಮೆರಿಕದಲ್ಲಿ 1979ರಿಂದ 1998ರವರೆಗಿನ 238 ಸಾವುಗಳನ್ನು ಜೋಡಿಸಿ 2000ನೇ ಇಸವಿಯಲ್ಲಿ ಒಂದು ವರದಿ ಬಂತು. ಪಿಟ್‌ಬುಲ್ ಜಾತಿಯವು ಮತ್ತು ರಾಟ್‌ವೀಲರ್ ಸೇರಿ ಅರ್ಧಕ್ಕಿಂತ ಜಾಸ್ತಿ ಸಾವುಗಳಲ್ಲಿದ್ದವು. ನಿಷೇಧದ ಪರ ಮಾತಾಡುವವರು ಇವತ್ತಿಗೂ ಎತ್ತಿ ತೋರಿಸುವುದು ಇದನ್ನೇ. ಅದೇ ವರದಿಯಲ್ಲಿ ಕನಿಷ್ಠ 25 ತಳಿಗಳ ಹೆಸರಿತ್ತು. ಒಟ್ಟು ಎಷ್ಟು ಪಿಟ್‌ಬುಲ್ ಇವೆ, ಎಷ್ಟು ಲ್ಯಾಬ್ ಇವೆ ಅನ್ನುವ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಬೆಂಗಳೂರಿನಲ್ಲಿ ಅತಿ ಹೆಚ್ಚು ಅಪಘಾತ ಮಾಡುವುದು ಟೂ ವೀಲರ್ ಅಂತ ಹೇಳಿದರೆ, ರಸ್ತೆಯಲ್ಲಿ ಎಷ್ಟು ಟೂ ವೀಲರ್ ಇವೆ ಅಂತ ನೀವು ಕೇಳುತ್ತೀರಿ ಅಲ್ವಾ? ಹಾಗೇ ಇದೂ.

ಆಮೇಲೆ 2013ರಲ್ಲಿ ಇನ್ನೊಂದು ಅಧ್ಯಯನ ಬಂತು. 2000ದಿಂದ 2009ರವರೆಗಿನ 256 ಸಾವುಗಳನ್ನು ಪತ್ರಿಕೆಯ ಸುದ್ದಿಗೆ ನಿಲ್ಲಿಸದೆ ಪೊಲೀಸರು, ತನಿಖೆ ಮಾಡಿದವರ ತನಕ ಹೋಗಿ ವಿಚಾರಿಸಿದ್ದರು. ನನಗೆ ಈ ವಿಷಯ ಅರ್ಥವಾಗಿದ್ದೇ ಇದನ್ನು ಓದಿದ ಮೇಲೆ. ಸುಮಾರು 87 ಶೇಕಡಾ ಪ್ರಕರಣಗಳಲ್ಲಿ ಬಿಡಿಸಲು ಹತ್ತಿರ ಯಾರೂ ಇರಲಿಲ್ಲ. ಸುಮಾರು 85 ಶೇಕಡಾ ಪ್ರಕರಣಗಳಲ್ಲಿ ಸತ್ತವರಿಗೂ ಆ ನಾಯಿಗೂ ಹೆಚ್ಚು ಬಳಕೆ ಇರಲಿಲ್ಲ. ಸುಮಾರು 84 ಶೇಕಡಾ ಕಡೆ ನಾಯಿಗೆ ಸಂತಾನಹರಣ ಆಪರೇಷನ್ ಆಗಿರಲಿಲ್ಲ. ಮುಕ್ಕಾಲು ಭಾಗದಲ್ಲಿ ನಾಯಿ ಮನೆಯವರ ಜೊತೆ ಬೆರೆಯದೆ, ಚೈನಿನಲ್ಲೋ ಹಿತ್ತಲಲ್ಲೋ ಒಂಟಿಯಾಗಿ ಬಿದ್ದಿತ್ತು. ಇಂಥ ಕಾರಣಗಳಲ್ಲಿ ನಾಲ್ಕೋ ಅದಕ್ಕಿಂತ ಹೆಚ್ಚೋ ಒಟ್ಟಿಗೆ ಸೇರಿದ್ದು 80 ಶೇಕಡಾ ಸಾವುಗಳಲ್ಲಿ. ನಾಯಿಯ ತಳಿ ಯಾವುದು ಅಂತ ಗಟ್ಟಿಯಾಗಿ ಹೇಳಲು ಸಾಧ್ಯವಾಗಿದ್ದು ಸುಮಾರು 18 ಶೇಕಡಾ ಪ್ರಕರಣಗಳಲ್ಲಷ್ಟೇ.

ಪಿಟ್‌ಬುಲ್ ದವಡೆ ಲಾಕ್ ಆಗುತ್ತಂತೆ, ಹೌದಾ?

ಇಲ್ಲ. ಅದರ ದವಡೆಯಲ್ಲಿ ಬೀಗವೂ ಇಲ್ಲ, ಕೀಲಿಯೂ ಇಲ್ಲ. ಬೇರೆ ನಾಯಿಗಳ ದವಡೆ ಹೇಗಿದೆಯೋ ಹಾಗೇ ಇದೆ. ಹಿಡಿದಿದ್ದನ್ನು ಬಿಡದೆ ಜಗ್ಗಾಡುವ ಹಟ ಮಾತ್ರ ನಿಜ, ಗಾಯ ದೊಡ್ಡದಾಗುವುದೂ ಅದರಿಂದಲೇ. ಯಾವ ತಳಿ ಎಷ್ಟು ಪೌಂಡ್ ಒತ್ತಡದಲ್ಲಿ ಕಚ್ಚುತ್ತದೆ ಅನ್ನುವ ಪಟ್ಟಿಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ಅವನ್ನು ನಂಬಬೇಡಿ.

ಕಚ್ಚುವ ನಾಯಿಗಳಲ್ಲಿ ಚಿಕ್ಕವೇ ಜಾಸ್ತಿ ಅಂತಾರೆ. ಅದು ತಮಾಷೆಗಾ?

ತಮಾಷೆಯಲ್ಲ. 2008ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಮಾಲೀಕರನ್ನೇ ಕೇಳಿ 30ಕ್ಕೂ ಹೆಚ್ಚು ತಳಿಗಳನ್ನು ಹೋಲಿಸಿದ್ದರು. ಮನುಷ್ಯರ ಮೇಲೆ ಸಿಟ್ಟು ತೋರುವುದರಲ್ಲಿ ಮುಂದಿದ್ದದ್ದು ಡ್ಯಾಶ್‌ಹಂಡ್, ಚಿವಾವಾ. ಬೇರೆ ನಾಯಿಗಳ ಮೇಲೆ ಸಿಟ್ಟಾಗುವುದರಲ್ಲಿ ಅಕಿಟಾ, ಪಿಟ್‌ಬುಲ್ ಮೇಲಿದ್ದವು.

ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಇನ್ನೂ ಒಂದು ಬಿಳಿ ಗೆರೆ ಇದೆ. ಅದು ನಮ್ಮ ಮನೆಯ ಪಮೇರಿಯನ್ನಿನ ಉಡುಗೊರೆ. ಭಾನುವಾರ, ತಟ್ಟೆಯಲ್ಲಿ ಕೋಳಿ ಮೂಳೆ, ನಾನು ಏಳು ವರ್ಷದವನು, ಮೂಳೆ ಕಿತ್ತುಕೊಳ್ಳಲು ಹೋದೆ. ಅಮ್ಮ ಬೈದದ್ದು ನನಗೆ, ನಾಯಿಗಲ್ಲ. ಅದು ರಾಟ್‌ವೀಲರ್ ಆಗಿದ್ದರೆ ಈ ಹೆಬ್ಬೆರಳು ಇರುತ್ತಿತ್ತಾ ಅನ್ನುವುದು ಬೇರೆ ಮಾತು. ಮೊದಲನೆಯ ಉತ್ತರದಲ್ಲಿ ಹೇಳಿದ್ದು ಇದನ್ನೇ.

2024ರಲ್ಲಿ 23 ತಳಿಗಳನ್ನು ಬ್ಯಾನ್ ಮಾಡಿದರಲ್ಲ, ಅದು ಏನಾಯಿತು?

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 2022ರ ಜುಲೈನಲ್ಲಿ ಲಖನೌನಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ತಮ್ಮ ಮನೆಯದೇ ಪಿಟ್‌ಬುಲ್ ದಾಳಿಯಲ್ಲಿ ತೀರಿಕೊಂಡರು. ಆ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. ಅದೇ ವರ್ಷ ಗಾಜಿಯಾಬಾದ್ ನಗರಪಾಲಿಕೆ ಪಿಟ್‌ಬುಲ್, ರಾಟ್‌ವೀಲರ್, ಡೋಗೊ ಅರ್ಜೆಂಟೀನೋ ಸಾಕಬಾರದು ಅಂದಿತು. ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು. 2023ರ ಡಿಸೆಂಬರಿನಲ್ಲಿ ಕೋರ್ಟು, ಮೂರು ತಿಂಗಳಲ್ಲಿ ಏನಾದರೊಂದು ತೀರ್ಮಾನ ಮಾಡಿ ಅಂತ ಕೇಂದ್ರಕ್ಕೆ ಹೇಳಿತು.

2024ರ ಮಾರ್ಚ್ 12ಕ್ಕೆ ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯಿಂದ ಎಲ್ಲ ರಾಜ್ಯಗಳಿಗೆ ಸುತ್ತೋಲೆ ಹೋಯಿತು. ಪಟ್ಟಿಯಲ್ಲಿರುವ ನಾಯಿಗಳ ಆಮದು, ಮಾರಾಟ, ಮರಿ ಹಾಕಿಸುವುದು ಬಂದ್. ಲೈಸೆನ್ಸ್ ಕೊಡಬಾರದು. ಈಗಾಗಲೇ ಮನೆಯಲ್ಲಿರುವ ನಾಯಿಗಳಿಗೆ ಮುಂದೆ ಮರಿಯಾಗದಂತೆ ಆಪರೇಷನ್ ಮಾಡಿಸಬೇಕು.

ಆ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಒಂದು ಕಡೆ "ಟೋಸಾ ಇನು" ಅಂತಿದೆ, ಸ್ವಲ್ಪ ಕೆಳಗೆ "ಜಪಾನೀಸ್ ಟೋಸಾ" ಅಂತಿದೆ. ಎರಡೂ ಒಂದೇ ನಾಯಿ. "ಟೆರಿಯರ್" ಅಂತ ಒಂದು ಇಡೀ ಕುಲವನ್ನೇ ಸೇರಿಸಿದ್ದಾರೆ. ಆ ಕುಲದಲ್ಲಿ ಮಡಿಲಲ್ಲಿ ಕೂರಿಸಿಕೊಂಡು ತಲೆಗೆ ರಿಬ್ಬನ್ ಕಟ್ಟುವ ಯಾರ್ಕ್‌ಶೈರ್ ಟೆರಿಯರ್ ಕೂಡ ಬರುತ್ತದೆ. ನಮ್ಮ ಬ್ಲಾಕಿನ ಆಂಟಿಯೊಬ್ಬರ ಹತ್ತಿರ ಒಂದಿದೆ. ಪೊಲೀಸರು ಬಂದು ಹಿಡಿದುಕೊಂಡು ಹೋಗುತ್ತಾರಾ ಅಂತ ಒಂದು ವಾರ ಅವರಿಗೆ ನಿದ್ದೆ ಇರಲಿಲ್ಲ.

ಕರ್ನಾಟಕ ಹೈಕೋರ್ಟ್ ಏನು ಹೇಳಿತು? ಈಗ ಪಿಟ್‌ಬುಲ್ ಸಾಕಬಹುದಾ?

ಸುತ್ತೋಲೆ ಬಂದ ಒಂದೇ ವಾರಕ್ಕೆ, ಮಾರ್ಚ್ 19ಕ್ಕೆ, ನಮ್ಮ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಏಪ್ರಿಲ್ 10ಕ್ಕೆ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಸುತ್ತೋಲೆಯನ್ನೇ ರದ್ದು ಮಾಡಿತು. ಕೋರ್ಟು ಹಿಡಿದ ತಪ್ಪು ಮುಖ್ಯವಾಗಿ ಕ್ರಮದ್ದು. ಸಂಬಂಧಪಟ್ಟವರನ್ನು ಕೇಳಿ ಮಾಡಿ ಅಂತ ದೆಹಲಿ ಹೈಕೋರ್ಟು ಹೇಳಿದ್ದರೂ ಯಾರನ್ನೂ ಸರಿಯಾಗಿ ಕೇಳಿರಲಿಲ್ಲ. ಶಿಫಾರಸು ಕೊಟ್ಟ ಸಮಿತಿ ನಿಯಮದ ಪ್ರಕಾರ ರಚನೆಯಾಗಿರಲಿಲ್ಲ. ನಿಯಮಗಳಲ್ಲಿ ಇಲ್ಲದ್ದನ್ನು ಸುತ್ತೋಲೆಯಲ್ಲಿ ತುರುಕುವ ಹಾಗಿಲ್ಲ.

ಎರಡೂ ಕಡೆಯವರು ಇದನ್ನು ತಪ್ಪಾಗಿ ಹೇಳಿಕೊಂಡು ತಿರುಗುತ್ತಿದ್ದಾರೆ. ಪಿಟ್‌ಬುಲ್ ಸಾಧು ಪ್ರಾಣಿ ಅಂತ ಕೋರ್ಟು ಸರ್ಟಿಫಿಕೇಟ್ ಕೊಟ್ಟಿಲ್ಲ. ಕ್ರಮಬದ್ಧವಾಗಿ ಎಲ್ಲರನ್ನೂ ಕೇಳಿ ಕೇಂದ್ರ ಹೊಸದಾಗಿ ನಿಯಮ ತರುವುದಕ್ಕೆ ದಾರಿ ತೆರೆದೇ ಇದೆ. ನಾಯಿಯಿಂದಾಗುವ ಅನಾಹುತಕ್ಕೆ ಸಾಕಿದವನೇ ಹೊಣೆ ಅನ್ನುವ ಮಾತನ್ನೂ ಕೋರ್ಟು ಒತ್ತಿ ಹೇಳಿದೆ. ಊರು ಬದಲಾದರೆ ಪಾಲಿಕೆಯ ನಿಯಮವೂ ಬದಲಾಗುತ್ತದೆ. ಮರಿ ತರುವ ಮೊದಲು ನಿಮ್ಮ ಪಾಲಿಕೆಯಲ್ಲಿ ಕೇಳಿಕೊಳ್ಳಿ. ತಂದ ಮೇಲೆ ಕೇಳಬೇಡಿ.

ಬೇರೆ ದೇಶಗಳಲ್ಲಿ ಬ್ಯಾನ್ ಮಾಡಿ ಉಪಯೋಗ ಆಯಿತಾ?

ಬ್ರಿಟನ್ನಿನ ಕಥೆ ಎಲ್ಲಕ್ಕಿಂತ ಉದ್ದ. 1991ರಲ್ಲಿ ಸಾಲುಸಾಲು ದಾಳಿಗಳ ಸುದ್ದಿ ಬಂದ ಮೇಲೆ ಅವಸರದಲ್ಲಿ ಅಪಾಯಕಾರಿ ನಾಯಿಗಳ ಕಾಯ್ದೆ ಮಾಡಿದರು. ಪಿಟ್‌ಬುಲ್ ಟೆರಿಯರ್, ಜಪಾನೀಸ್ ಟೋಸಾ, ಡೋಗೊ ಅರ್ಜೆಂಟೀನೋ, ಫಿಲಾ ಬ್ರೆಜಿಲೇರೊ, ಈ ನಾಲ್ಕಕ್ಕೆ ನಿಷೇಧ. ಅಲ್ಲಿನ ಕಾನೂನು ನೋಡುವುದು ನಾಯಿಯ ಆಕಾರವನ್ನು, ವಂಶವನ್ನಲ್ಲ. ತಲೆ ಎಷ್ಟು ಅಗಲ, ಎದೆ ಹೇಗಿದೆ ಅಂತ ಅಳತೆ ಹಿಡಿದು ಪಿಟ್‌ಬುಲ್ ಅಂತ ತೀರ್ಮಾನ ಮಾಡುತ್ತಾರೆ. ಒಂದೇ ಸೂಲಿನಲ್ಲಿ ಹುಟ್ಟಿದ ಅಣ್ಣ ನಿಷೇಧದೊಳಗೆ, ತಮ್ಮ ಹೊರಗೆ ಆಗಬಹುದು.

ಮೂವತ್ತು ವರ್ಷ ಕಳೆಯಿತು. ಅಷ್ಟರಲ್ಲಿ ಜನ ಇನ್ನೂ ದೊಡ್ಡದಾದ, ಪಟ್ಟಿಯಲ್ಲಿಲ್ಲದ ಒಂದು ನಾಯಿ ಹುಡುಕಿಕೊಂಡಿದ್ದರು. ಎಕ್ಸ್‌ಎಲ್ ಬುಲ್ಲಿ. ಸಾವಿನ ಸುದ್ದಿಗಳಲ್ಲಿ ಅದರ ಹೆಸರು ಮತ್ತೆ ಮತ್ತೆ ಬಂತು. 2023ರ ಕೊನೆಯ ದಿನ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದರ ಮಾರಾಟ, ಮರಿ ಹಾಕಿಸುವುದು ನಿಂತಿತು. 2024ರ ಫೆಬ್ರವರಿ 1ರಿಂದ ವಿನಾಯಿತಿ ಪತ್ರ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಇದರಿಂದ ನನಗೆ ತಿಳಿದದ್ದು ಇಷ್ಟು: ಗತ್ತಿಗೆ ನಾಯಿ ಸಾಕುವವನು ಒಂದು ತಳಿ ಬ್ಯಾನ್ ಆದರೆ ಮುಂದಿನ ತಳಿಗೆ ಹೋಗುತ್ತಾನೆ. ಆದರೆ ಎಕ್ಸ್‌ಎಲ್ ಬುಲ್ಲಿ ಅಷ್ಟು ದೊಡ್ಡದು, ಅಷ್ಟು ಬಲಶಾಲಿ ಅನ್ನುವುದನ್ನು ಅಲ್ಲಗಳೆಯಲೂ ಆಗುವುದಿಲ್ಲ. ಸತ್ತವರ ಮನೆಯವರ ಮುಂದೆ ನಿಂತು "ತಪ್ಪು ಮಾಲೀಕನದು" ಅಂತ ಪಾಠ ಹೇಳುವ ಧೈರ್ಯ ನನಗಿಲ್ಲ.

ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿತ್ತು. ಕಚ್ಚುವುದು ಕಡಿಮೆಯಾಗಲಿಲ್ಲ ಅಂತ 2008ರಲ್ಲಿ ಕೈಬಿಡಲು ತೀರ್ಮಾನಿಸಿತು. ಅಮೆರಿಕದ ಡೆನ್ವರಿನಲ್ಲಿ 1989ರಿಂದ ನಿಷೇಧ ಇತ್ತು. 2020ರಲ್ಲಿ ಜನರೇ ಮತ ಹಾಕಿ ಅದನ್ನು ತೆಗೆದು ಪರ್ಮಿಟ್ ಪದ್ಧತಿ ತಂದರು. ಕೆನಡಾದ ಕ್ಯಾಲ್ಗರಿ ತಳಿಯ ತಂಟೆಗೇ ಹೋಗಲಿಲ್ಲ. ಲೈಸೆನ್ಸ್ ಕಡ್ಡಾಯ, ತಪ್ಪಿದರೆ ದಂಡ, ಕಚ್ಚಿದ ನಾಯಿಯ ಮಾಲೀಕನಿಗೆ ಇನ್ನೂ ಬಿಗಿ ನಿಯಮ. ನನ್ನ ಓಟು ಇದಕ್ಕೇ.

ಇನ್ನೊಂದು ಸಂಗತಿ. 1929ರಿಂದ 1970ರ ದಶಕದವರೆಗೂ ಆಸ್ಟ್ರೇಲಿಯಾ ಒಂದು ನಾಯಿಯನ್ನು ದೇಶದೊಳಗೆ ಬಿಡುತ್ತಿರಲಿಲ್ಲ. ಯಾವುದು ಗೊತ್ತಾ? ನಮ್ಮ ಅಲ್ಸೇಷಿಯನ್. ಪೊಲೀಸ್ ಶ್ವಾನದಳದಲ್ಲಿ ಎದೆಯುಬ್ಬಿಸಿ ನಡೆಯುವ ಜರ್ಮನ್ ಶೆಫರ್ಡ್.

ಹಾಗಾದರೆ ದಾಳಿಗೆ ನಿಜವಾದ ಕಾರಣ ಏನು?

ಒಂದು ಕಥೆ ಹೇಳುತ್ತೇನೆ. ಮೊದಲು ಬಾಡಿಗೆಗಿದ್ದ ಬೀದಿಯಲ್ಲಿ ಎದುರು ಮನೆಯ ಹುಡುಗ ಒಂದು ರಾಟ್‌ವೀಲರ್ ಮರಿ ತಂದ. ಮೂವತ್ತೈದು ದಿನದ ಮರಿ, ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಮೂರು ತಿಂಗಳು ಇಡೀ ಬೀದಿ ಅದರ ಜೊತೆ ಆಡಿತು. ನಾಲ್ಕನೇ ತಿಂಗಳು ಸೋಫಾ ಹರಿಯಿತು ಅಂತ ತಾರಸಿಗೆ ಹೋಯಿತು. ಅಲ್ಲಿಂದ ಕೆಳಗಿಳಿಯಲೇ ಇಲ್ಲ.

ನಮ್ಮ ಅಡುಗೆಮನೆ ಕಿಟಕಿಯಿಂದ ಆ ತಾರಸಿ ಕಾಣುತ್ತಿತ್ತು. ನೀರಿನ ಟ್ಯಾಂಕಿನ ಕಂಬಕ್ಕೆ ಚೈನು, ಮೇಲೆ ಒಂದು ಶೀಟು. ಚೈನು ಎಳೆದೂ ಎಳೆದೂ ಸಿಮೆಂಟಿನ ಮೇಲೆ ಅರ್ಧಚಂದ್ರದ ಹಾಗೆ ಒಂದು ಬಿಳಿ ಗೆರೆ ಬಿದ್ದಿತ್ತು. ಅದರ ಪ್ರಪಂಚ ಆ ಗೆರೆಯ ಒಳಗೇ ಮುಗಿಯುತ್ತಿತ್ತು. ಪಕ್ಕದ ಕಟ್ಟಡದ ಮಕ್ಕಳು ಶಾಲೆಯಿಂದ ಬಂದು ಅದನ್ನು ಬೊಗಳಿಸುವ ಆಟ ಆಡುತ್ತಿದ್ದರು. ಊಟ ಹಾಕುವ ಕೆಲಸದಾಕೆ ಬಿಟ್ಟರೆ ಬೇರೆ ಮನುಷ್ಯರ ಕೈ ಅದನ್ನು ಮುಟ್ಟುತ್ತಿರಲಿಲ್ಲ. ಹುಡುಗ ಮಾತ್ರ ಗೇಟಿಗೆ "ನಾಯಿ ಇದೆ ಎಚ್ಚರಿಕೆ" ಬೋರ್ಡು ಹಾಕಿಸಿ, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದ.

ಒಂದೂವರೆ ವರ್ಷದ ಮೇಲೆ ಒಂದು ಮಧ್ಯಾಹ್ನ ಚೈನಿನ ಹುಕ್ಕು ಬಿಟ್ಟುಕೊಂಡಿತು. ಅದೇ ಹೊತ್ತಿಗೆ ಕೊರಿಯರ್ ಹುಡುಗ ಮೆಟ್ಟಿಲು ಹತ್ತುತ್ತಿದ್ದ. ಮುಂಗೈಗೆ ಇಪ್ಪತ್ತಕ್ಕೂ ಹೆಚ್ಚು ಹೊಲಿಗೆ ಬಿತ್ತು. ಬಿಡಿಸಿದ್ದು ಕೆಳಗಿನ ಮನೆಯ ಅಜ್ಜ, ಬಕೆಟ್ ನೀರು ಎರಚಿ. "ಇಷ್ಟು ದಿನ ಏನೂ ಮಾಡಿರಲಿಲ್ಲ ಸಾರ್" ಅಂದ ಮಾಲೀಕ. ನಿಜ, ಚೈನು ಬಿಟ್ಟಿದ್ದರೆ ತಾನೇ ಮಾಡುವುದು.

ಮೇಲೆ ಹೇಳಿದ 256 ಸಾವುಗಳ ಅಧ್ಯಯನ ಓದಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ಆ ಅರ್ಧಚಂದ್ರದ ಗೆರೆ. ಆ ಜಾಗದಲ್ಲಿ ನಾಟಿ ನಾಯಿ ಇದ್ದಿದ್ದರೂ ಕಚ್ಚುತ್ತಿತ್ತು ಅಂತಲೇ ನನ್ನ ಲೆಕ್ಕ. ಇಪ್ಪತ್ತು ಹೊಲಿಗೆ ಬೀಳುತ್ತಿತ್ತಾ? ಬಹುಶಃ ಇಲ್ಲ.

ಮುಧೋಳ ನಾಯಿ, ಕೊಂಬೈ, ರಾಜಪಾಳಯಂ ಕೇಂದ್ರದ ಆ 23 ತಳಿಗಳ ಪಟ್ಟಿಯಲ್ಲಿ ಇದ್ದವಾ?

ಇರಲಿಲ್ಲ. ನಮ್ಮ ದೇಸಿ ತಳಿಗಳ ಹೆಸರೇ ಅದರಲ್ಲಿಲ್ಲ. ಹಾಗಂತ ಅವೆಲ್ಲ ಸಾಧು ಅಂತಲ್ಲ. ಕೊಂಬೈಯನ್ನು ತಮಿಳುನಾಡಿನಲ್ಲಿ ಕಾವಲಿಗೆ, ಬೇಟೆಗೆ ಅಂತಲೇ ಸಾಕಿದ್ದಾರೆ, ಅಪರಿಚಿತರಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಮುಧೋಳ ನಾಯಿ ಬೇಟೆಗಾರ. ಮನುಷ್ಯರ ವಿಷಯಕ್ಕೆ ಸಾಮಾನ್ಯವಾಗಿ ಬಾರದು, ಆದರೆ ಓಡುವ ಬೆಕ್ಕು, ಮೊಲ ಕಂಡರೆ ನಿಮ್ಮ ಕೈಯಲ್ಲಿರುವ ಹಗ್ಗದ ಜೊತೆ ನೀವೂ ಹೋಗುತ್ತೀರಿ. ಸೈನ್ಯದವರು ಮುಧೋಳದ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟ ಮೇಲೆ ಪೇಟೆಯಲ್ಲಿ ಅದನ್ನು ಕೇಳುವವರು ಜಾಸ್ತಿಯಾದರು. ಬಾಗಲಕೋಟೆ ಜಿಲ್ಲೆಯ ಬಯಲಲ್ಲಿ ಓಡಿ ಬೆಳೆದ ವಂಶವನ್ನು ಟೂ ಬಿಎಚ್‌ಕೆಯಲ್ಲಿ ಕೂಡಿಹಾಕಿ, ಆಮೇಲೆ ನಾಯಿಗೆ ತಲೆಕೆಟ್ಟಿದೆ ಅನ್ನುವುದು ನ್ಯಾಯವಲ್ಲ.

ಇಷ್ಟೆಲ್ಲ ಜಾತಿ ನಾಯಿಗಳ ಬಗ್ಗೆ. ಬೀದಿ ನಾಯಿಗಳು ಕಚ್ಚುವುದಿಲ್ವಾ?

ಇದು ನಿಜಕ್ಕೂ ದೊಡ್ಡ ಪ್ರಶ್ನೆ. ಸರ್ಕಾರದ ಲೆಕ್ಕದಲ್ಲೇ 2024ರಲ್ಲಿ ದೇಶದಲ್ಲಿ ನಾಯಿ ಕಚ್ಚಿದ ಪ್ರಕರಣ 37 ಲಕ್ಷ ದಾಟಿದೆ. ಅದರಲ್ಲಿ ಪಟ್ಟಿಯ 23 ತಳಿಗಳ ಪಾಲು ಎಷ್ಟಿರಬಹುದು, ನೀವೇ ಊಹಿಸಿ. ನಿಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಬೈಕ್ ಅಟ್ಟಿಸಿಕೊಂಡು ಬರುವುದು ಆ ಪಟ್ಟಿಯ ಕೇನ್ ಕೋರ್ಸೊ ಅಲ್ಲ ತಾನೇ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾರತದಲ್ಲೇ ಆಗುತ್ತವೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೇಬೀಸ್ ವೈರಸ್ಸಿಗೆ ತಳಿ ಗೊತ್ತಿಲ್ಲ. ಲಸಿಕೆ ಹಾಕಿದೆಯೋ ಇಲ್ಲವೋ, ಅಷ್ಟೇ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಓಟು ಹಾಕಿ ರಾಟ್‌ವೀಲರ್ ಬ್ಯಾನ್ ಮಾಡಬಹುದಾ?

ಇದಕ್ಕೇ ನನ್ನ ಮನೆ ಬೆಲ್ ಜಾಸ್ತಿ ಆಗುವುದು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಪ್ರಕಾರ, ಬಹುಮತ ಇದ್ದರೂ ಸಂಘದವರು ಸಾಕುನಾಯಿಯನ್ನು ನಿಷೇಧಿಸುವ ಹಾಗಿಲ್ಲ. ತಳಿ ನೋಡಿ, ಗಾತ್ರ ನೋಡಿ ನಿಷೇಧಿಸುವುದೂ ಆಗದು. ಆದರೆ ಮಾತಾಡಿ ಒಪ್ಪಿಸಬಹುದಾದದ್ದು ಬೇಕಾದಷ್ಟಿದೆ. ನಮ್ಮಲ್ಲಿ ಹೀಗೆ ಮಾಡಿಕೊಂಡಿದ್ದೇವೆ: ಲಿಫ್ಟಿನಲ್ಲಿ ಮೊದಲೇ ಯಾರಾದರೂ ಇದ್ದರೆ ನಾಯಿಯವರು ಮುಂದಿನದಕ್ಕೆ ಕಾಯುತ್ತಾರೆ. ಕಾರಿಡಾರಿನಲ್ಲಿ ನಾಯಿ ಬೆಲ್ಟು, ಹಗ್ಗ ಇಲ್ಲದೆ ಕಾಲಿಡುವಂತಿಲ್ಲ. ಹಗ್ಗ ಹಿಡಿಯುವವರು ಆ ನಾಯಿ ಎಳೆದರೆ ನಿಲ್ಲುವಷ್ಟು ಗಟ್ಟಿ ಇರಬೇಕು, ಹತ್ತು ವರ್ಷದ ಮಗಳ ಕೈಯಲ್ಲಿ ಕೊಟ್ಟು ಕಳಿಸುವ ಹಾಗಿಲ್ಲ. ಈ ಕೊನೆಯದಕ್ಕೆ ದೊಡ್ಡ ಜಗಳವೇ ಆಯಿತು, ಆಗಲಿ ಅಂತ ಬಿಟ್ಟೆ.

ನಾಯಿಯ ಬಾಯಿಗೆ ಮಜಲ್ ಹಾಕಿ ಅಂದರೆ ನಾಯಿಯವರಿಗೆ ಅವಮಾನ ಆಗುತ್ತದೆ. ಕಣದಲ್ಲಿ ತಿರುಗುವ ಎತ್ತಿನ ಬಾಯಿಗೆ ಕುಕ್ಕೆ ಹಾಕುವುದಿಲ್ವಾ? ಎತ್ತಿಗೆ ಅವಮಾನ ಆಯಿತು ಅಂತ ಯಾರೂ ಹೇಳಿದ್ದು ಕೇಳಿಲ್ಲ. ಬಾಯಿ ತೆರೆದು ಏದುಸಿರು ಬಿಡಲು ಜಾಗ ಇರುವ ಬುಟ್ಟಿಯಂಥದ್ದು ತನ್ನಿ, ನಾಯಿಗೆ ನಿಧಾನವಾಗಿ ಅಭ್ಯಾಸ ಮಾಡಿಸಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಯಾವ ತಳಿ ಸೇಫ್?

ಒಂದೇ ಕೋಣೆಯಲ್ಲಿ ಮಗುವನ್ನೂ ನಾಯಿಯನ್ನೂ ಬಿಟ್ಟು ನೀವು ಅಡುಗೆಮನೆಗೆ ಹೋಗುವಷ್ಟು ಸೇಫ್ ಆದ ತಳಿ ಯಾವುದೂ ಇಲ್ಲ. ಚಿಕ್ಕ ಮಕ್ಕಳನ್ನು ಕಚ್ಚುವುದು ಬಹಳ ಸಲ ಗೊತ್ತಿರುವ ನಾಯಿಯೇ. ಮಲಗಿದ್ದಾಗ ಮೇಲೆ ಬಿದ್ದದ್ದು, ಊಟದ ತಟ್ಟೆಗೆ ಕೈ ಹಾಕಿದ್ದು, ಕುತ್ತಿಗೆ ತಬ್ಬಿದ್ದು ಇಂಥವೇ ಕಾರಣ.

"ಬೊಗಳುವ ನಾಯಿ ಕಚ್ಚುವುದಿಲ್ಲ" ಅನ್ನುವ ಗಾದೆ ಮನುಷ್ಯರಿಗೆ ಸರಿ, ನಾಯಿಗಲ್ಲ. ನಾಯಿ ಕಚ್ಚುವ ಮೊದಲು ಸಾಕಷ್ಟು ಸಲ ಹೇಳಿರುತ್ತದೆ. ನಿದ್ದೆಯಿಲ್ಲದೆ ಆಕಳಿಸುತ್ತದೆ, ತುಟಿ ನೆಕ್ಕುತ್ತದೆ, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತದೆ, ಮೈ ಬಿಗಿ ಹಿಡಿದು ಕಲ್ಲಾಗುತ್ತದೆ. ಆಮೇಲೆ ಗುರ್ ಅನ್ನುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಗುರುಗುಟ್ಟುವುದನ್ನು ಬಿಡುತ್ತದೆ, ಮುಂದಿನ ಸಲ ನೇರವಾಗಿ ಹಲ್ಲು ಹಾಕುತ್ತದೆ.

ಮರಿ ತರುವಾಗ ಏನು ನೋಡಬೇಕು?

ತಾಯಿಯನ್ನು ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ತಾಯಿ ಹೆದರಿ ಮೂಲೆ ಸೇರುವಂಥದ್ದಾದರೆ ಮರಿ ಎಷ್ಟೇ ಮುದ್ದಾಗಿದ್ದರೂ ಬೇಡ. 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಮೂವತ್ತು ದಿನಕ್ಕೇ ಕೈಗಿಡುವವರು ಬೇಕಾದಷ್ಟಿದ್ದಾರೆ. ಕಚ್ಚಿದರೆ ನೋವಾಗುತ್ತದೆ ಅನ್ನುವ ಮೊದಲ ಪಾಠ ಮರಿ ಕಲಿಯುವುದೇ ಅಣ್ಣತಮ್ಮಂದಿರ ಜೊತೆ ಕಿತ್ತಾಡಿ. ಆ ಪಾಠ ತಪ್ಪಿಸಿ ತಂದ ಮರಿಗೆ ಆಮೇಲೆ ನೀವು ಕಲಿಸಬೇಕು, ನಿಮ್ಮ ಕೈ ಕೊಟ್ಟು. ಮೂರು ತಿಂಗಳೊಳಗೆ ಅದು ಆಟೋ ಸದ್ದು, ಛತ್ರಿ, ಹೆಲ್ಮೆಟ್, ಬುರ್ಖಾ, ಅಜ್ಜನ ಕೋಲು ಎಲ್ಲ ನೋಡಿರಲಿ.

ಮತ್ತೆ, ಕಕೇಶಿಯನ್ ಶೆಫರ್ಡ್ ಬೇಡ. ಹಿಮ ಬೀಳುವ ಗುಡ್ಡದಲ್ಲಿ ಕುರಿಮಂದೆಗೆ ಬರುವ ತೋಳ ಓಡಿಸಲು ಬೆಳೆಸಿದ ನಾಯಿ ಅದು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಅದಕ್ಕೇನು ಕೆಲಸ?

ನನ್ನ ನಾಯಿ ಯಾರನ್ನಾದರೂ ಕಚ್ಚಿದರೆ ಕಾನೂನಿನಲ್ಲಿ ಏನಾಗುತ್ತದೆ?

ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ. ಸಾಕಿದ ಪ್ರಾಣಿಯಿಂದ ಅಪಾಯ ಆಗದಂತೆ ನೋಡಿಕೊಳ್ಳದೆ ಅಜಾಗರೂಕತೆ ತೋರಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಲಮಿನಲ್ಲಿ ತಳಿಯ ಮಾತೇ ಇಲ್ಲ. ಪಗ್ ಆದರೂ ಅಷ್ಟೇ, ಪಿಟ್‌ಬುಲ್ ಆದರೂ ಅಷ್ಟೇ. ಆಸ್ಪತ್ರೆ ಖರ್ಚು, ಪರಿಹಾರದ ಕೇಸು ಬೇರೆ.

ಕಚ್ಚಿಬಿಟ್ಟಿತು. ಮೊದಲು ಏನು ಮಾಡಬೇಕು?

ಸೋಪು ಹಾಕಿ, ಬೀಳುವ ನೀರಿನ ಕೆಳಗೆ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಹೊಕ್ಕಳ ಸುತ್ತ 14 ಇಂಜೆಕ್ಷನ್ ಅನ್ನುವುದು ಅಜ್ಜಿಯ ಕಾಲದ್ದು, ಈಗ ತೋಳಿಗೆ ನಾಲ್ಕೈದು ಸಲ ಹಾಕಿಸಿದರೆ ಆಯಿತು. ರಕ್ತ ಬಂದಿದ್ದರೆ ಗಾಯದ ಸುತ್ತಲೂ ವೈರಸ್ಸನ್ನು ಅಲ್ಲೇ ತಡೆಯುವ ಇಮ್ಯುನೋಗ್ಲೋಬ್ಯುಲಿನ್ ಇಂಜೆಕ್ಷನ್ ಬೇಕು, ಮರೆಯದೆ ಕೇಳಿ. ಸಾಕಿದ ನಾಯಿ, ಲಸಿಕೆ ಹಾಕಿದೆ ಅಂತ ಸುಮ್ಮನೆ ಮನೆಯಲ್ಲಿ ಕೂರಬೇಡಿ. ಅದನ್ನು ಡಾಕ್ಟರ್ ತೀರ್ಮಾನ ಮಾಡಲಿ.

ಇಷ್ಟೆಲ್ಲ ಹೇಳುತ್ತೀರಲ್ಲ, ನೀವೇ ಪಿಟ್‌ಬುಲ್ ಸಾಕುತ್ತೀರಾ?

ಇಲ್ಲ. ನನಗೆ ದಿನಕ್ಕೆ ಎರಡು ಗಂಟೆ ನಾಯಿಯ ಜೊತೆ ಓಡುವ ಶಕ್ತಿಯೂ ಇಲ್ಲ, ಅದು ಎಳೆದರೆ ನಿಲ್ಲುವ ಮೊಣಕಾಲೂ ಇಲ್ಲ. ನಮ್ಮ ಮನೆಯಲ್ಲಿರುವುದು ಬೀದಿಯಿಂದ ತಂದ ಕಂತ್ರಿ, ಹದಿನಾಲ್ಕು ಕೆಜಿ. ಎಲ್ಲರ ಕೈಯಿಂದಲೂ ಬಿಸ್ಕತ್ ತಿನ್ನುತ್ತದೆ. ಗ್ಯಾಸ್ ಸಿಲಿಂಡರ್ ತರುವವರನ್ನು ಕಂಡರೆ ಮಾತ್ರ ಆಗುವುದಿಲ್ಲ. ಯಾಕೆ ಅಂತ ಇವತ್ತಿನವರೆಗೂ ಗೊತ್ತಾಗಿಲ್ಲ. ಮೊದಲ ಸಲ ಪ್ಯಾಂಟು ಹರಿದಾಗ ನಾನೂ ಒಳಗಿನಿಂದ "ಬನ್ನಿ, ಅದೇನೂ ಮಾಡಲ್ಲ" ಅಂತಲೇ ಕೂಗಿದ್ದೆ. ಪ್ಯಾಂಟಿನ ದುಡ್ಡು ಕೊಟ್ಟೆ. ಈಗ ಗ್ಯಾಸ್ ಬರುವ ದಿನ ಬೆಳಿಗ್ಗೆಯೇ ಅದನ್ನು ರೂಮಿಗೆ ಹಾಕಿ ಚಿಲಕ ಹಾಕುತ್ತೇವೆ.